ಮುತ್ತಾತನ ಒಂದು ಹಾಳೆಗೆ ಎಷ್ಟು ಖರ್ಚು?

ಎಲ್ಲರಿಗೂ ನಮಸ್ಕಾರ. ಭಾನುವಾರದ ಬಿಡುವು ಬಿಟ್ಟು ಬಂದಿದ್ದೀರಿ, ತುಂಬಾ ಸಂತೋಷ.

ನನ್ನ ಕೈಯಲ್ಲಿ ಒಂದು ನೋಟ್‌ಬುಕ್ ಇದೆ. ನಮ್ಮ ಮನೆತನದ ಹಳೇ ಕಾಗದ ಹುಡುಕಲು ಹೊರಟ ದಿನದಿಂದ ಇದರಲ್ಲಿ ಖರ್ಚು ಬರೆಯುತ್ತಾ ಬಂದಿದ್ದೇನೆ. ಮೊದಲ ಪುಟದಲ್ಲಿರುವುದು ಮುತ್ತಾತನ ಪೌತಿ ಖಾತೆಯ ಲೆಕ್ಕ. ಅಂದರೆ ಅವರು ತೀರಿಕೊಂಡ ಮೇಲೆ ಜಮೀನು ವಾರಸುದಾರರ ಹೆಸರಿಗೆ ಬಂದದ್ದಕ್ಕೆ ದಾಖಲೆ. ಒಂದೇ ಹಾಳೆ. ಅದಕ್ಕೆ ಕಟ್ಟಿದ ನಕಲು ಶುಲ್ಕ ಅರವತ್ತು ರೂಪಾಯಿಯೂ ಮುಟ್ಟಲಿಲ್ಲ. ಆದರೆ ಆ ಹಾಳೆ ಕೈಗೆ ಬರುವಷ್ಟರಲ್ಲಿ ಆರು ಸಲ ತಾಲ್ಲೂಕು ಕಚೇರಿಗೆ ಹೋಗಿ ಬಂದಿದ್ದೆ. ಬಸ್ಸು, ಆಟೋ, ಊಟ, ಎರಡು ರಾತ್ರಿ ಲಾಡ್ಜು ಎಲ್ಲ ಸೇರಿ 4,300 ರೂಪಾಯಿ ಆಯಿತು. ಹಾಕಿದ ರಜೆಗಳ ಲೆಕ್ಕ ಬೇರೆ. ದಿನಗೂಲಿಯವರಾಗಿದ್ದರೆ ಆರು ದಿನದ ಕೂಲಿಯೇ ಹೋಗುತ್ತಿತ್ತು, ಅಲ್ವಾ?

ಆರು ಸಲ ಯಾಕೆ ಹೋಗಬೇಕಾಯಿತು ಅಂತ ಹೇಳುತ್ತೇನೆ. ನಾನು ಈಗಿನ ಪಹಣಿಯಲ್ಲಿರುವ ಸರ್ವೆ ನಂಬರ್ ಹಾಕಿ ಅರ್ಜಿ ಕೊಟ್ಟಿದ್ದೆ. ಅದು ಪೋಡಿ ಆಗಿ, ಅಂದರೆ ಜಮೀನು ಅಳೆದು ಭಾಗ ಮಾಡಿ, ಹಿಸ್ಸಾ ಬಿದ್ದು ಬಂದ ನಂಬರು. ಹಳೇ ರಿಜಿಸ್ಟರಿನಲ್ಲಿ ಅದು ಹಾಗೆ ಇರಲಿಲ್ಲ. ‘ದಾಖಲೆ ಲಭ್ಯವಿಲ್ಲ’ ಅಂತ ಹಿಂಬರಹ ಬಂತು. ಮೂರನೇ ಸಲ ಹೋದಾಗ ಇನ್ನೊಂದು ವಿಷಯ ಗೊತ್ತಾಯಿತು. ನಮ್ಮೂರು ಆ ಕಾಲದಲ್ಲಿ ಪಕ್ಕದ ತಾಲ್ಲೂಕಿನಲ್ಲಿತ್ತಂತೆ. ಮತ್ತೆ ಅಲ್ಲಿಗೆ ಅರ್ಜಿ. ಕೊನೆಗೆ ಒಬ್ಬ ವಯಸ್ಸಾದ ನೌಕರರು ನನ್ನ ಮುಖ ನೋಡಿ, “ಕೂತ್ಕೊಳ್ಳಿ ಸ್ವಾಮಿ, ನಂಬರ್ ಬಿಡಿ, ಊರ ಹೆಸರು ಹೇಳಿ” ಅಂದರು. ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಧೂಳಿಗೆ ಇಬ್ಬರೂ ಕೆಮ್ಮಿದೆವು. ಇಪ್ಪತ್ತು ನಿಮಿಷದಲ್ಲಿ ಹಾಳೆ ಸಿಕ್ಕಿತು.

ಆ ಹಾಳೆಯನ್ನು ನೀವೂ ಒಮ್ಮೆ ನೋಡಬೇಕು. ಹಿಂದೆ ಕೂತವರಿಗೂ ಕಳಿಸುತ್ತೇನೆ, ಮೆಲ್ಲಗೆ ಹಿಡಿಯಿರಿ. 1934ರದ್ದು. ಮುತ್ತಾತ ತೀರಿಕೊಂಡದ್ದು 1918ರ ಆ ದೊಡ್ಡ ಇನ್‌ಫ್ಲುಯೆಂಜಾ ಜ್ವರದಲ್ಲಿ. ಖಾತೆ ಬದಲಾಗಿದ್ದು ಹದಿನಾರು ವರ್ಷ ಕಳೆದ ಮೇಲೆ. ನಮ್ಮ ಕಡೆ ಇದು ಹೊಸದೇನಲ್ಲ, ಇವತ್ತಿಗೂ ಸತ್ತವರ ಹೆಸರಲ್ಲೇ ಪಹಣಿ ಬರುವ ಮನೆಗಳು ಎಷ್ಟೋ ಇವೆ. ಹಾಳೆಯಲ್ಲಿ ಎರಡು ಪುಟ್ಟ ಪದಗಳಿವೆ. ‘ಬಿನ್’ ಅಂದರೆ ಇಂಥವರ ಮಗ. ‘ಕೋಂ’ ಅಂದರೆ ಇಂಥವರ ಹೆಂಡತಿ. ಹಳೇ ಮೈಸೂರಿನ ಕಾಗದಗಳಲ್ಲಿ ವಂಶ ಹಿಡಿಯುವುದು ಈ ಎರಡು ಪದಗಳಿಂದಲೇ. ಬಿನ್ ಹಿಂದೆ ಹೋದರೆ ಒಂದೊಂದೇ ತಲೆಮಾರು ಮೇಲೆ ಏರಬಹುದು. ಕೋಂ ಸಿಗುವುದು ಅಪರೂಪ. ಹೆಂಗಸಿನ ಹೆಸರಿಗೆ ಜಮೀನು ಬಂದರೆ ತಾನೇ ಅವಳ ಹೆಸರು ಬರೆಯುವುದು? ನಮ್ಮ ಮುತ್ತಜ್ಜಿಯನ್ನು ಮನೆಯಲ್ಲಿ ಎಲ್ಲರೂ ದೊಡ್ಡವ್ವ ಅಂತಲೇ ಕರೆಯುತ್ತಿದ್ದರು. ಆಕೆಯ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂದೆ ತೀರಿಕೊಂಡಾಗ ಗಂಡುಮಕ್ಕಳು ಚಿಕ್ಕವರಿದ್ದರು ಅಂತ ಈ ಹಾಳೆಯಲ್ಲಿ ಆಕೆಯ ಹೆಸರೂ ಇದೆ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ನಾನು ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಸರಿ, ಈಗ ಖರ್ಚಿಗೆ ಬರೋಣ. ಸರ್ಕಾರ ಕೇಳುವ ಶುಲ್ಕದ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಅರ್ಜಿಗೆ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅರ್ಜಿ ಶುಲ್ಕವೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಇದನ್ನು ನೆನಪಿಡಿ. ಆಸ್ತಿ ಕ್ರಯಪತ್ರಗಳ ವಿಚಾರಕ್ಕೆ 1908ರ ನೋಂದಣಿ ಕಾಯ್ದೆಯ 57ನೇ ಕಲಂ ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿಯ ಪತ್ರಗಳಿರುವ ಒಂದನೇ ಪುಸ್ತಕವನ್ನು, ಅದರ ಸೂಚಿಯನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು. ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ಅದರಲ್ಲೂ ಯಾರು ಬೇಕಾದರೂ ಹುಡುಕಿಸಿ ನಕಲು ಕೇಳಬಹುದು. ಹಕ್ಕು ಇದೆ. ಶುಲ್ಕ ಕಡಿಮೆ ಇದೆ.

ದುಡ್ಡು ಹೋಗುವುದು ಹುಡುಕಾಟಕ್ಕೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಶೋಧನೆಗೆ ಮೊದಲ ವರ್ಷಕ್ಕೆ ಒಂದು ದರ, ಆಮೇಲೆ ಒಂದೊಂದು ವರ್ಷಕ್ಕೂ ಇಷ್ಟಿಷ್ಟು. ಸಾಲಕ್ಕೆ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸುವವರಿಗೆ ಇದು ಭಾರವಾಗಲ್ಲ. ಅವರಿಗೆ ಹತ್ತು ಹದಿಮೂರು ವರ್ಷ ಸಾಕು. ನಮಗೆ ಎಂಬತ್ತು ವರ್ಷ ಬೇಕು. ಅಜ್ಜ ಯಾವ ವರ್ಷ ಜಮೀನು ಮಾರಿದರು ಅಂತಲೇ ಗೊತ್ತಿಲ್ಲ. ಗೊತ್ತಿದ್ದರೆ ಹುಡುಕುವ ಕೆಲಸವೇ ಅರ್ಧ ಕಡಿಮೆ.

ಇನ್ನು ದೂರದ ಖರ್ಚು. ಕರ್ನಾಟಕ ಒಂದಾದದ್ದು 1956ರಲ್ಲಿ. ಅದಕ್ಕಿಂತ ಹಿಂದೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಅನ್ನುವುದರ ಮೇಲೆ ನಿಮ್ಮ ಬಸ್ ಚಾರ್ಜು ನಿಂತಿದೆ. ಮೈಸೂರು ಸಂಸ್ಥಾನದವರಿಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಹತ್ತಿರ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರ ಮೇಲಿನ ಹಂತದ ಕಾಗದಗಳು ಮುಂಬೈಯಲ್ಲಿ. ಮಂಗಳೂರು, ಬಳ್ಳಾರಿಯವರಿಗೆ ಚೆನ್ನೈ. ಕಲಬುರಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದ್. ಕಾರವಾರದ ಕಡೆಯವರ ಕಷ್ಟ ಎಲ್ಲಕ್ಕಿಂತ ಜಾಸ್ತಿ. ಆ ಜಿಲ್ಲೆ 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮುಂಬೈಗೆ ಹೋಯಿತು. ಅವರು ಎರಡೂ ಕಡೆ ಅಲೆಯಬೇಕು.

ಅಲ್ಲಿಗೆ ಹೋಗಿ ಕಾಗದ ಸಿಕ್ಕಿದರೂ ಓದಲು ಬರಬೇಕಲ್ಲ. ನನ್ನ ಹೆಂಡತಿಯ ತವರು ಧಾರವಾಡದ ಹತ್ತಿರ. ಅವರ ಮನೆಯ ಪೆಟ್ಟಿಗೆಯಲ್ಲಿ ಹನ್ನೊಂದು ಹಾಳೆ ಮೋಡಿಯಲ್ಲಿವೆ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿ. ಮೋಡಿಯಲ್ಲಿ ಕೈ ಎತ್ತದೆ ಬರೆಯುತ್ತಾರೆ, ಅಕ್ಷರಗಳೆಲ್ಲ ಒಂದಕ್ಕೊಂದು ತಗುಲಿಕೊಂಡಿರುತ್ತವೆ. ಮನೆಯಲ್ಲಿ ಮರಾಠಿ ಬಲ್ಲವರಿದ್ದಾರೆ, ಆದರೂ ಒಂದು ಸಾಲು ಓದಲಾಗಲಿಲ್ಲ. ಓದಿಕೊಡುವವರಿಗೆ ಪುಟಕ್ಕೆ 300 ರೂಪಾಯಿಯಂತೆ ಕೊಟ್ಟೆವು. ನಾನು ಅದನ್ನು ಜಾಸ್ತಿ ಅನ್ನುವುದಿಲ್ಲ. ಅದು ವರ್ಷಗಟ್ಟಲೆ ಕಲಿತ ವಿದ್ಯೆ, ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆದರೆ ಹನ್ನೊಂದು ಹಾಳೆಯಲ್ಲಿ ಒಂಬತ್ತು ಬರೀ ಕಾಳಿನ ಸಾಲದ ಲೆಕ್ಕ ಅಂತ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆಯೇ.

ನನಗೆ ನಿಜವಾಗಿ ನೋವು ಕೊಡುವ ಮಾತು ಇನ್ನೊಂದಿದೆ. ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಜಮೀನು ಇದ್ದವರ ಕಥೆ. ಜಮೀನು ಇಲ್ಲದವರ ಮನೆತನ ಹುಡುಕುವುದು ಹೇಗೆ? ಬೇರೆ ದೇಶಗಳಲ್ಲಿ ಜನಗಣತಿಯ ಮನೆಮನೆ ಪಟ್ಟಿ ಇರುತ್ತದೆ. ಅಮೆರಿಕದಲ್ಲಿ 72 ವರ್ಷ ಆದ ಮೇಲೆ ತೆರೆಯುತ್ತಾರೆ, 1950ರ ಪಟ್ಟಿ 2022ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಆ ಪಟ್ಟಿಗಳನ್ನು ಯಾರಿಗೂ ತೋರಿಸುವಂತಿಲ್ಲ. ಹಾಗಾಗಿ ಬಡವರ ಹೆಸರು ಹುಡುಕಲು ಬೇರೆ ದಾರಿ ಬೇಕು. ನಾನು ಕಂಡುಕೊಂಡ ದಾರಿಗಳಲ್ಲಿ ಎರಡನ್ನು ದಯವಿಟ್ಟು ಬರೆದುಕೊಳ್ಳಿ.

ಒಂದು, ಫಾರಂ ನಂಬರ್ 7. 1974ರಲ್ಲಿ ಭೂಸುಧಾರಣೆ ಬಂದಾಗ ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ ಅದು. ಆ ಫೈಲುಗಳಲ್ಲಿ ಹೇಳಿಕೆಗಳಿರುತ್ತವೆ. ನಮ್ಮಪ್ಪ ಉಳುತ್ತಿದ್ದರು, ಅವರಪ್ಪನೂ ಉಳುತ್ತಿದ್ದರು, ಇಂಥ ವರ್ಷದಿಂದ ಇಷ್ಟು ಖಂಡುಗ ಗೇಣಿ ಅಳೆದಿದ್ದೇವೆ ಅಂತ ರೈತರು ತಮ್ಮ ಬಾಯಲ್ಲೇ ಹೇಳಿದ್ದು. ಸಾಕ್ಷಿ ಹೇಳಿದ ನೆರೆಹೊರೆಯವರ ಹೆಸರೂ ಇರುತ್ತದೆ. ಎರಡನೆಯದು, ಊರಿನ ಸೇವೆ ಮಾಡುತ್ತಿದ್ದ ತೋಟಿ, ತಳವಾರ, ನೀರಗಂಟಿಗಳಿಗೆ ಆ ಸೇವೆಗಾಗಿ ಬಿಟ್ಟುಕೊಟ್ಟಿದ್ದ ಇನಾಂ ಜಮೀನಿನ ಕಾಗದಗಳು. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1961ರಲ್ಲಿ ಬಂದ ಮೇಲೆ ಆ ಜಮೀನನ್ನು ಆ ಮನೆತನದವರಿಗೇ ಮತ್ತೆ ಮಂಜೂರು ಮಾಡಿಕೊಟ್ಟರು. ಹಾಗೆ ಮಂಜೂರು ಮಾಡುವಾಗ ಯಾರು ಯಾರ ವಾರಸುದಾರ ಅಂತ ವಿಚಾರಣೆ ಆಗಲೇಬೇಕಿತ್ತು. ಎಷ್ಟೋ ದಲಿತ ಮನೆತನಗಳ ಮೂರು ತಲೆಮಾರಿನ ಹೆಸರು ಇಂಥ ಫೈಲಿನಲ್ಲಿ ಕೂತಿದೆ. ಕೂಲಿ ಬಿಟ್ಟು ಆರು ಸಲ ಅಲೆಯಬೇಕಾದರೆ ಅವರು ಅದನ್ನು ಯಾವತ್ತೂ ನೋಡಲಾರರು.

ಇಲ್ಲಿ ನನಗೆ ಹೆಳವರು ನೆನಪಾಗುತ್ತಾರೆ. ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರುತ್ತದೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬೆಳಗಿನ ಜಾವ ಊರಿಗೆ ಬರುತ್ತಿದ್ದರು. ಮನೆ ಮುಂದೆ ನಿಂತು ನಿಮ್ಮ ಮೂಲ ಯಾವ ಊರು, ಯಾರ ಮಗ ಯಾರು, ಯಾವ ಕವಲು ಎಲ್ಲಿ ಒಡೆಯಿತು ಅಂತ ಹಾಡಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಳ್ಳುತ್ತಿದ್ದರು. ಅವರಿಗೆ ಕೊಡುತ್ತಿದ್ದದ್ದು ಕಾಳು, ಬಟ್ಟೆ, ಅನುಕೂಲ ಇದ್ದವರು ಒಂದು ಕರು. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಒಕ್ಕಲು ಅಂತ ಇತ್ತು. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಕೊನೇ ಸಲ ಬಂದವರಿಗೆ ನಮ್ಮಮ್ಮ ಮೊರದ ತುಂಬಾ ರಾಗಿ ಕೊಟ್ಟದ್ದು ನೆನಪಿದೆ. ಒಂದು ಸಲ ಊರಿಗೆ ಬಂದರೆ ಅವರು ಒಕ್ಕಲಿನ ಎಲ್ಲ ಮನೆಯ ಲೆಕ್ಕ ಮುಗಿಸಿ ಹೋಗುತ್ತಿದ್ದರು. ದಾರಿಯ ಖರ್ಚನ್ನು ಊರಿಗೆ ಊರೇ ಹಂಚಿಕೊಂಡಂತಾಗುತ್ತಿತ್ತು.

ಆ ಕೆಂಪು ಬಟ್ಟೆ ಗಂಟಿನ ಮುಂದೆ ಕೂತಾಗ ನನಗೆ ಇದೇ ಹೊಳೆದದ್ದು. ಆ ರಿಜಿಸ್ಟರಿನಲ್ಲಿ ನಮ್ಮ ಮನೆಯ ಹಾಳೆ ಒಂದು. ಉಳಿದ ನೂರಾರು ಹಾಳೆ ನಮ್ಮೂರಿನ ಬೇರೆ ಮನೆಗಳದ್ದು. ನಾನು ಅಲೆದ ವರ್ಷವೇ ನಮ್ಮೂರಿನ ಇನ್ನೊಂದು ಮನೆಯವರು ಅದೇ ಕಚೇರಿಗೆ ನಾಲ್ಕು ಸಲ ಅಲೆದಿದ್ದರಂತೆ. ನನಗೆ ಆಮೇಲೆ ಗೊತ್ತಾಯಿತು. ಸರ್ಕಾರದ ಪುಸ್ತಕ ಊರಿನ ಲೆಕ್ಕದಲ್ಲಿದೆ, ನಾವು ಹುಡುಕುವುದು ಮಾತ್ರ ಒಬ್ಬೊಬ್ಬರೇ. ಅದಕ್ಕೇ ಇಷ್ಟು ಖರ್ಚು.

ಈಗ ತಾಲ್ಲೂಕು ಕಚೇರಿಗಳಲ್ಲಿ ಭೂ ಸುರಕ್ಷಾ ಯೋಜನೆಯಡಿ ಹಳೇ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ತುಂಬಾ ಒಳ್ಳೇ ಕೆಲಸ. ನನ್ನ ಒಂದೇ ಬೇಡಿಕೆ, ಎಪ್ಪತ್ತೈದು ವರ್ಷ ದಾಟಿದ ರಿಜಿಸ್ಟರುಗಳನ್ನು ಊರವಾರು ಪೂರ್ತಿಯಾಗಿ, ಉಚಿತವಾಗಿ ನೋಡಲು ಬಿಡಲಿ. ಸರ್ವೆ ನಂಬರ್ ಗೊತ್ತಿದ್ದರೆ ಮಾತ್ರ ತೆರೆಯುವಂತಿದ್ದರೆ ನಮ್ಮ ಕಷ್ಟ ಹಾಗೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ 1921ರ ಜನಗಣತಿಯ ಪುಟಗಳನ್ನು ಖಾಸಗಿ ಕಂಪನಿ ಸ್ಕ್ಯಾನ್ ಮಾಡಿ 2022ರಲ್ಲಿ ಬಿಟ್ಟಾಗ ಒಂದು ಚಿತ್ರಕ್ಕೆ ಮೂರೂವರೆ ಪೌಂಡ್ ಇಟ್ಟಿತ್ತು. ಐರ್ಲೆಂಡಿನವರು ತಮ್ಮ 1901, 1911ರ ಪಟ್ಟಿಗಳನ್ನು ಪೂರ್ತಿ ಉಚಿತವಾಗಿ ಕೊಟ್ಟಿದ್ದಾರೆ. ನಾವು ಐರ್ಲೆಂಡಿನ ದಾರಿ ಹಿಡಿಯಬೇಕು ಅಂತ ನನ್ನ ಆಸೆ.

ಅಲ್ಲಿಯವರೆಗೆ ನಾವೇ ಮಾಡಬಹುದಾದದ್ದು ಇದೆ. ಮುಂದಿನ ತಿಂಗಳು ನಾನು ಮತ್ತೆ ಆ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇನೆ. ನಮ್ಮ ಹೋಬಳಿಯವರು ಇಲ್ಲಿ ಯಾರಿದ್ದೀರೋ ನಿಮ್ಮ ಊರು, ಅಜ್ಜನ ಹೆಸರು, ಅವರ ತಂದೆಯ ಹೆಸರು ಈ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದು ಹೋಗಿ. ನಕಲು ಶುಲ್ಕ ಎಷ್ಟಾಯಿತೋ ಅಷ್ಟೇ ಕೊಡಿ, ಬಸ್ ಚಾರ್ಜು ಹೇಗೂ ನನ್ನದು. ಮತ್ತೆ, ಶಾನುಭೋಗರ ಮನೆತನದವರು ಯಾರಾದರೂ ಇದ್ದರೆ ಚಹಾ ಹೊತ್ತಿನಲ್ಲಿ ನನ್ನನ್ನು ಕಾಣಿ. ಹಳೇ ಅಧಿಕಾರ ಹೋದ ಮೇಲೆ ಎಷ್ಟೋ ಮನೆಗಳ ಅಟ್ಟದಲ್ಲಿ ಲೆಕ್ಕದ ಪುಸ್ತಕಗಳು ಉಳಿದಿವೆ. ಮಾರಬೇಡಿ, ಸುಡಬೇಡಿ. ನಾನು ಬಂದು ಅಲ್ಲೇ ಕೂತು ಫೋಟೋ ತೆಗೆದುಕೊಂಡು ಹೋಗುತ್ತೇನೆ.