ಪೊಲ್ಲಿಲೂರಿನ ಗುಲಾಬಿ

ಕೇಳುಗರಿಗೆ ನಮಸ್ಕಾರ. ಶ್ರೀರಂಗಪಟ್ಟಣಕ್ಕೆ ಹೋದವರು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ನೋಡದೆ ಬರುವುದಿಲ್ಲ. ಆದರೆ ಅದರ ಪಶ್ಚಿಮದ ಗೋಡೆಯ ಮುಂದೆ ಐದು ನಿಮಿಷ ನಿಲ್ಲುವವರನ್ನು ನಾನು ಕಂಡದ್ದು ಕಡಿಮೆ. ಅಲ್ಲಿರುವುದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ನಡೆದ ಕಾಳಗದ ಚಿತ್ರ. ಹೈದರಾಲಿ ಮತ್ತು ಟಿಪ್ಪು ಸೇರಿ ಇಂಗ್ಲಿಷ್ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದ ದಿನ.

ಹತ್ತಿರ ಹೋಗಿ ನೋಡಿ. ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ; ಎಲ್ಲರದೂ ಒಂದೇ ಅಚ್ಚಿನ ಮುಖ. ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಇಷ್ಟೆಲ್ಲದರ ನಡುವೆ ಟಿಪ್ಪುವಿನ ಕೈಯಲ್ಲಿ ಒಂದು ಗುಲಾಬಿ! ರಣರಂಗದಲ್ಲಿ ಹೂವು ಮೂಸುವ ಪುರುಸೊತ್ತು ಯಾರಿಗಿರುತ್ತದೆ? ಚಿತ್ರಕಾರನಿಗೂ ಅದು ಗೊತ್ತಿದ್ದೀತು. ಅವನು ಬರೆಯುತ್ತಿದ್ದುದು ವರದಿಯನ್ನಲ್ಲ, ಗೆದ್ದ ದೊರೆಯ ಮನೆಯ ಗೋಡೆಯನ್ನು.

ಇನ್ನೊಂದು ಮಾತು. ನಾವು ಇಂದು ಕಾಣುವ ಬಣ್ಣ ಟಿಪ್ಪುವಿನ ಕಾಲದ್ದಲ್ಲ. ಅಳಿಸಿಹೋಗಿದ್ದ ಚಿತ್ರಗಳನ್ನು ಮತ್ತೆ ಬರೆಸಿದವರು ಇಂಗ್ಲಿಷರೇ. ಮೊದಲು, ಟಿಪ್ಪು ಸತ್ತ ಮೇಲೆ ಅಲ್ಲಿ ವಾಸವಿದ್ದ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ, ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ. ತಮ್ಮ ಸೋಲಿನ ಚಿತ್ರಕ್ಕೆ ತಾವೇ ಬಣ್ಣ ಕೊಡಿಸುವಷ್ಟು ಧಾರಾಳತನ ಪೂರ್ತಿ ಗೆದ್ದವರಿಗೆ ಮಾತ್ರ ಬರುತ್ತದೆ.

ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷ ಕೊಳೆತ ಇಂಗ್ಲಿಷ್ ಪಡೆಯ ಅಧಿಕಾರಿ ಡೇವಿಡ್ ಬೇರ್ಡ್, ಟಿಪ್ಪು ಮಡಿದ 1799ರ ಲಗ್ಗೆಯ ಮುಂದಾಳಾಗಿ ಅಲ್ಲಿಗೇ ಬಂದ. ಅವನು ತೀರಿಕೊಂಡ ಮೇಲೆ ಹೆಂಡತಿ ಚಿತ್ರಕಾರ ಡೇವಿಡ್ ವಿಲ್ಕಿಯಿಂದ ದೊಡ್ಡದೊಂದು ಚಿತ್ರ ಬರೆಸಿದಳು. ಭಾರತವನ್ನೇ ಕಾಣದ ವಿಲ್ಕಿ, ಟಿಪ್ಪುವಿನ ಹೆಣದ ಮೇಲೆ ಬೆಳಕು ಚೆಲ್ಲಿ, ಬೇರ್ಡ್‌ನನ್ನು ಎತ್ತರದಲ್ಲಿ ನಿಲ್ಲಿಸಿದ. ಅವನ ಕಾಲ ಬುಡದಲ್ಲೊಂದು ಕಬ್ಬಿಣದ ಜಾಲಂದ್ರ: ಹಳೆಯ ಸೆರೆಮನೆಯ ನೆನಪಿಗೆ. ಇದೂ ಒಂದು ಗುಲಾಬಿಯೇ.

ಆ ಚಿತ್ರ ಮುಗಿದದ್ದು 1839ರಲ್ಲಿ. ಅದೇ ವರ್ಷ ಪ್ಯಾರಿಸ್‌ನಲ್ಲಿ ಛಾಯಾಚಿತ್ರದ ವಿಧಾನವನ್ನು ಲೋಕಕ್ಕೆ ಸಾರಲಾಯಿತು. ಇನ್ನು ಮುಂದೆ ಕಂಡದ್ದೇ ಕಾಣುತ್ತದೆ ಎಂದು ಜನ ನಂಬಿದರು. ಲಖನೌದ ಸಿಕಂದರ್ ಬಾಗ್‌ನಲ್ಲಿ ದಂಗೆಯೆದ್ದ ಸಿಪಾಯಿಗಳಿಗೂ ಇಂಗ್ಲಿಷರಿಗೂ ಕಾಳಗ ನಡೆದದ್ದು 1857ರ ನವೆಂಬರ್‌ನಲ್ಲಿ. ಛಾಯಾಚಿತ್ರಕಾರ ಫೆಲಿಚೆ ಬೆಯಾಟೊ ಕ್ಯಾಮೆರಾ ಹೊತ್ತು ಅಲ್ಲಿಗೆ ಬಂದದ್ದು ಮರುವರ್ಷ. ಹೂತಿದ್ದ ಸಿಪಾಯಿಗಳ ಎಲುಬುಗಳನ್ನು ಅವನು ಹೊರತೆಗೆಸಿ ಅಂಗಳದಲ್ಲಿ ಹರಡಿಸಿದನೆಂದು ಆಗಿನ ಅಧಿಕಾರಿಯೊಬ್ಬರು ಬರೆದಿಟ್ಟಿದ್ದಾರೆ. ಆ ಚಿತ್ರದಲ್ಲಿ ಎಲುಬುಗಳ ಆಚೆ ಕೆಲವರು ನಮ್ಮವರು, ಒಂದು ಕುದುರೆ. ಅಲುಗಾಡಿದರೆ ಚಿತ್ರ ಮಸುಕಾಗುತ್ತಿದ್ದ ಕಾಲ. ಹೇಳಿದಲ್ಲಿ, ಹೇಳಿದಷ್ಟು ಹೊತ್ತು, ಕದಲದೆ ನಿಂತಿದ್ದಾರೆ.