ಹೂಂ ಅಂದರೆ ಒಪ್ಪಿದ ಹಾಗಾ?

ಎಲ್ಲರಿಗೂ ನಮಸ್ಕಾರ. ಇವತ್ತು ಸೆಪ್ಟೆಂಬರ್ 17, ವಿಶ್ವ ರೋಗಿ ಸುರಕ್ಷತಾ ದಿನ. ಇಲ್ಲಿ ಕೂತಿರುವ ನರ್ಸ್‌ಗಳಿಗೆ, ಆಶಾ ಅಕ್ಕಂದಿರಿಗೆ, ಡಾಕ್ಟರುಗಳಿಗೆ ಸಕ್ಕರೆ ಕಾಯಿಲೆ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ನಾನು ಮಾತಾಡಬೇಕು ಅಂತ ಬಂದಿರುವುದು ಒಂದೇ ಒಂದು ಪದದ ಬಗ್ಗೆ. ಆ ಪದ 'ಹೂಂ'.

ನನ್ನ ಹತ್ತಿರ ಒಬ್ಬ ಅಮ್ಮ ಬರುತ್ತಿದ್ದರು. ಎರಡು ಹಸು, ಸ್ವಲ್ಪ ಹೊಲ. ಬಂದಾಗೆಲ್ಲ ಶುಗರ್ ಜಾಸ್ತಿ. "ಮಾತ್ರೆ ಸರಿಯಾಗಿ ತಗೋತಿದ್ದೀರಾ ಅಮ್ಮಾ?" ಅಂದರೆ "ಹೂಂ ಸಾರ್". "ಪಥ್ಯ?" "ಹೂಂ ಸಾರ್". ನಾನು ನಂಬಿದೆ, ಡೋಸ್ ಏರಿಸಿದೆ. ಎರಡು ವರ್ಷ ಹೀಗೇ ನಡೆಯಿತು.

ಒಂದು ದಿನ ಅವರು ಚೀಟಿ ಹುಡುಕಲು ಚೀಲ ಬಿಚ್ಚಿದಾಗ ಡೇರಿಯ ಪಾಸ್‌ಬುಕ್ ಕೆಳಗೆ ಬಿತ್ತು. ಎತ್ತಿಕೊಟ್ಟು ಸುಮ್ನೆ ಕೇಳಿದೆ, ಹಾಲಿಗೆ ಎಷ್ಟು ಬರುತ್ತೆ ಅಂತ. ಅವರ ಮುಖವೇ ಬದಲಾಯಿತು! ಕಪ್ಪು ಹಸುವಿನ ಫ್ಯಾಟ್ ಎಷ್ಟು, ಹಿಂಡಿ ಬದಲಾಯಿಸಿದ ವಾರ ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಎಷ್ಟು ಇಳಿಯಿತು, ಕಾರ್ಯದರ್ಶಿ ತಪ್ಪು ಬರೆದಾಗ ಇನ್ನೊಂದು ಸಲ ಅಳೆಸಿದ್ದು, ಎಲ್ಲ ಹೇಳಿದರು. ಪಾಯಿಂಟ್ ಲೆಕ್ಕದಲ್ಲಿ ಹೇಳಿದರು. ನಾನು ಪೆನ್ನು ಕೆಳಗಿಟ್ಟೆ. ಹಸುವಿನ ಹಾಲಿನ ಅಂಕಿ ಇಷ್ಟು ಚೆನ್ನಾಗಿ ಗೊತ್ತಿರುವವರಿಗೆ ತಮ್ಮ ರಕ್ತದ ಅಂಕಿ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ? ನಾವು ಯಾರೂ ಹೇಳಿಲ್ಲ!

ಆಮೇಲೆ ನಿಧಾನವಾಗಿ ಕೇಳಿದೆ, "ಸಂಜೆ ಮಾತ್ರೆ ಯಾವಾಗ ತಗೋತೀರಿ?" ಆಗ ವಿಷಯ ಹೊರಬಂತು. ಮಾತ್ರೆ ನುಂಗಿ ಹಾಲು ಕರೆಯಲು ಕೂರುತ್ತಿದ್ದರು. ಡೇರಿಗೆ ಹೋಗಿ ಬಂದು, ಅಡುಗೆ ಮಾಡಿ, ಉಣ್ಣುವ ಹೊತ್ತಿಗೆ ಒಂಬತ್ತು ಗಂಟೆ. ಅಷ್ಟರಲ್ಲಿ ಸಕ್ಕರೆ ತೀರಾ ಇಳಿದು ಬೆವರು, ಕೈ ನಡುಕ, ಕಣ್ಣು ಕತ್ತಲೆ. ಅದಕ್ಕೇ ಸಂಜೆ ಮಾತ್ರೆ ಬಿಟ್ಟಿದ್ದರು. ಬಿಟ್ಟದ್ದು ಅವರ ಜಾಣತನ. ನಾನು ಏರಿಸಿದ ಡೋಸನ್ನು ಅವರು ನಿಜವಾಗಿ ನುಂಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹಾಗಾದರೆ ಹೂಂ ಅಂದಿದ್ದು ಯಾಕೆ? ಡಾಕ್ಟರಿಗೆ ಎದುರು ಮಾತಾಡಬಾರದು ಅಂತ. ಅದು ಮರ್ಯಾದೆ, ಒಪ್ಪಿಗೆ ಅಲ್ಲ.

ರೋಗಿ ತನ್ನ ಚಿಕಿತ್ಸೆಯಲ್ಲಿ ಎಷ್ಟು ಪಾಲುದಾರ ಅಂತ ಅಳೆಯುವ ಒಂದು ಸಾಧನ ಇದೆ, ಪೇಶೆಂಟ್ ಆಕ್ಟಿವೇಶನ್ ಮೆಷರ್. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜೂಡಿತ್ ಹಿಬ್ಬರ್ಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ್ದು. ಮೊದಲು 22 ಹೇಳಿಕೆಗಳಿದ್ದವು, ಮರುವರ್ಷ 13ಕ್ಕೆ ಇಳಿಸಿದರು. ನನ್ನ ಮಾತ್ರೆ ಯಾತಕ್ಕೆ ಅಂತ ನನಗೆ ಗೊತ್ತು, ಡಾಕ್ಟರ್ ಕೇಳದಿದ್ದರೂ ನನ್ನ ಆತಂಕ ನಾನು ಹೇಳಬಲ್ಲೆ, ಇಂಥವು. ಒಪ್ಪುತ್ತೀರಾ, ಇಲ್ಲವಾ ಅಂತ ಕೇಳಿ 0ರಿಂದ 100ರವರೆಗೆ ಅಂಕ ಕೊಡುತ್ತಾರೆ. ಅದರ ಮೇಲೆ ನಾಲ್ಕು ಹಂತ. ಮೊದಲ ಹಂತದವರು ಎಲ್ಲ ಡಾಕ್ಟರಿಗೆ ಬಿಟ್ಟಿದ್ದು ಅಂದುಕೊಂಡವರು. ನಾಲ್ಕನೆಯವರು ಕಷ್ಟ ಬಂದಾಗಲೂ ಅಭ್ಯಾಸ ಬಿಡದಿರಲು ಹೆಣಗುವವರು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2016ರಲ್ಲಿ ಈ ಸಾಧನವನ್ನು 18 ಲಕ್ಷ ಜನರವರೆಗೆ ಬಳಸಲು ಪರವಾನಗಿ ಮಾಡಿಕೊಂಡಿತು.

ನನಗೆ ಇಷ್ಟವಾದದ್ದು ಆ ಅಂಕವನ್ನು ಬಳಸುವ ರೀತಿ. ಮೊದಲ ಹಂತದವರಿಗೆ ಹತ್ತು ಸಲಹೆ ಸುರಿಯಬೇಡಿ, ಅವರಿಂದ ಆಗುವ ಒಂದು ಸಣ್ಣ ಕೆಲಸ ಹಿಡಿಯಿರಿ ಅನ್ನುತ್ತಾರೆ. ಅಂದರೆ ಅಂಕ ಕಡಿಮೆ ಬಂದರೆ ಬದಲಾಗಬೇಕಾದವರು ಮೊದಲು ನಾವು. ರೋಗಿಗೆ ಸೋಮಾರಿ ಅಂತ ಹಣೆಪಟ್ಟಿ ಹಚ್ಚಲು ಅದನ್ನು ಬಳಸಿದರೆ ಅಳೆಯದೇ ಇರುವುದೇ ವಾಸಿ.

ಆದರೆ ಇದನ್ನು ಹಾಗೇ ತಂದು ನಮ್ಮಲ್ಲಿ ಇಳಿಸಿದರೆ ಆಗುವುದಿಲ್ಲ. ಆ ಅಮ್ಮನ ಮುಂದೆ ಹದಿಮೂರು ಹೇಳಿಕೆ ಓದಿದರೆ ಹದಿಮೂರಕ್ಕೂ ಹೂಂ ಬರುತ್ತದೆ. ನೂರಕ್ಕೆ ನೂರು! ಇನ್ನೊಂದು ತೊಡಕು, ಆ ಹೇಳಿಕೆಗಳೆಲ್ಲ 'ನಾನು' ಅನ್ನುತ್ತವೆ. ನಮ್ಮಲ್ಲಿ ಮಾತ್ರೆ ತರುವುದು ಮಗ, ಉಪ್ಪು ಹಾಕುವುದು ಸೊಸೆ. ಸೊಸೆಯನ್ನು ಬಿಟ್ಟು ಅತ್ತೆಯ ಪಾಲುದಾರಿಕೆ ಅಳೆಯುವುದು ಹೇಗೆ? ಅದಕ್ಕೇ ಹೌದು ಇಲ್ಲ ಅನ್ನುವ ಪ್ರಶ್ನೆ ಬಿಡಿ. "ನಿನ್ನೆ ಸಂಜೆ ಏನೇನು ಮಾಡಿದ್ರಿ, ಹೇಳಿ" ಅನ್ನಿ. "ಮನೆಗೆ ಹೋಗಿ ಈ ಮಾತ್ರೆ ಬಗ್ಗೆ ಸೊಸೆಗೆ ಏನು ಹೇಳ್ತೀರಿ?" ಅನ್ನಿ. ಅದಕ್ಕೆ ಹೂಂ ಅನ್ನಲು ಬರುವುದಿಲ್ಲ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಬಿ.ಪಿ. ಬಗ್ಗೆ ಹೇಳಬೇಕಿತ್ತು, ಬಿಡುತ್ತೇನೆ. ಇದೊಂದು ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ, ಬಿ.ಪಿ.ಯಂಥವು ಬರುವ ಅಪಾಯ ಎಷ್ಟು ಅಂತ ನೋಡಲು ಆಶಾ ಅಕ್ಕಂದಿರು 30 ದಾಟಿದವರಿಗೆ ತುಂಬುವ ಸಿ-ಬ್ಯಾಕ್ ಫಾರಂನಲ್ಲಿ ತಂಬಾಕು ಇದೆ, ಸೊಂಟದ ಸುತ್ತಳತೆ ಇದೆ. ಫಾರಂ ಮುಗಿದ ಮೇಲೆ ಈ ಎರಡು ಪ್ರಶ್ನೆ ಕೇಳಿ, ಬಂದ ಉತ್ತರ ಅವರ ಮಾತಲ್ಲೇ ಬರೆದುಕೊಂಡು ಬನ್ನಿ.

ಆ ಅಮ್ಮನ ಸಂಜೆ ಮಾತ್ರೆಯನ್ನು ಊಟದ ಹೊತ್ತಿಗೆ ತಂದೆವು, ಡೋಸ್ ಇಳಿಸಿದೆವು. ಈಗ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಎಷ್ಟು ಅಂತ ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಹೋದ ಸಲ ಅದು 7.6 ಇತ್ತು. "ಇನ್ನೊಂದು ಪಾಯಿಂಟ್ ಇಳಿಸಬೇಕಲ್ವಾ ಸಾರ್" ಅಂದರು.

ಮೈಕನ್ನು ಹಿಂದಿನ ಸಾಲಿಗೆ ಕೊಡಿ. ಆಶಾ ಅಕ್ಕಂದಿರು ಮೊದಲು ಮಾತಾಡಲಿ.