ಯಾವ ಇಂಜಿನ್ ಅಂತ ಮೊದಲು ನೋಡಿ

ಎಲ್ಲರಿಗೂ ನಮಸ್ಕಾರ.

ವಿಮಾನ ನಿಲ್ದಾಣವೇ ಇಲ್ಲದ ದಾವಣಗೆರೆಯಲ್ಲಿ ವಿಮಾನದ ಇಂಜಿನ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಬೆಳೆದಿದ್ದು ಇಲ್ಲೇ, ಹೊಂಡದ ಸರ್ಕಲ್ ಹತ್ತಿರ. ಹಾಗಾಗಿ ಲಾರಿಯಿಂದ ಶುರು ಮಾಡುತ್ತೇನೆ.

ನಮ್ಮ ಚಿಕ್ಕಪ್ಪ ಇಲ್ಲಿಂದ ಬೆಂಗಳೂರಿಗೆ ಲೋಡ್ ಹೊಡೆಯುತ್ತಿದ್ದರು. ರಜೆ ಬಂದರೆ ನಾನೂ ಹತ್ತಿ ಕೂರುತ್ತಿದ್ದೆ. ಒಂದು ಬೇಸಿಗೆ, ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಹೋಗುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತು. ಲಾರಿ ಪಕ್ಕಕ್ಕೆ ಹಾಕಿದ್ದೇ ತಡ, ಕ್ಲೀನರ್ ಹುಡುಗ ಜಿಗಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಚಿಕ್ಕಪ್ಪ ಅವನ ಅಂಗಿ ಹಿಡಿದು ಎಳೆದರು. 'ಲೇ, ಕೈ ತೆಗಿ! ನಾನು ಒಂದು ಬೀಡಿ ಸೇದ್ತೀನಿ, ಆಮೇಲೆ ನೋಡೋಣ' ಅಂದರು.

ವಿಮಾನದಲ್ಲಿ ಬೀಡಿ ಸೇದುವಂತಿಲ್ಲ, ಪಕ್ಕಕ್ಕೆ ಹಾಕುವಂತೆಯೂ ಇಲ್ಲ. ಆದರೂ ಪೈಲಟ್ ಕಲಿಯುವುದು ಹೆಚ್ಚುಕಮ್ಮಿ ಅದನ್ನೇ. ಇಂಜಿನ್ನಿಗೆ ಬೆಂಕಿ ಹತ್ತಿದರೆ ಗಂಟೆ ಹೊಡೆಯುತ್ತದೆ, ಕೆಂಪು ದೀಪ ಉರಿಯುತ್ತದೆ. ಆಗಲೂ ಮೊದಲ ಕೆಲಸ ವಿಮಾನವನ್ನು ನೆಟ್ಟಗೆ ಹಾರಿಸುವುದು. ಆಮೇಲೇ ಉಳಿದದ್ದು.

ನನಗೆ ಗಂಟೆ ಹೊಡೆಯಲಿಲ್ಲ. ಬಂದಿದ್ದು ಹಳದಿ ಅಕ್ಷರ. ನಾನಾಗ ಕೋ-ಪೈಲಟ್. ಬೋಯಿಂಗ್ 737, ದೆಹಲಿಯಿಂದ ಬೆಂಗಳೂರಿಗೆ, 36,000 ಅಡಿ ಎತ್ತರ. ಊಟದ ಟ್ರೇ ಇನ್ನೂ ಮಡಿಲಲ್ಲೇ ಇತ್ತು. ಬಲಗಡೆ ಇಂಜಿನ್ನಿನ ಆಯಿಲ್ ಫಿಲ್ಟರ್ ಬೈಪಾಸ್ ಅಂತ ತೋರಿಸಿತು. ಅಂದರೆ ಫಿಲ್ಟರ್ ಕಟ್ಟಿಕೊಳ್ಳುತ್ತಿದೆ, ಇನ್ನು ಆಯಿಲ್ ಸೋಸದೆ ಹಾಗೇ ನುಗ್ಗಬಹುದು ಅಂತ. ನನ್ನ ಕೈ ತಾನಾಗಿಯೇ ಆ ಇಂಜಿನ್ನಿನ ಶಕ್ತಿ ಹೆಚ್ಚುಕಮ್ಮಿ ಮಾಡೋ ಲಿವರ್ ಕಡೆ ಹೋಯಿತು. ಕ್ಯಾಪ್ಟನ್ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, 'ಮೊದಲು ಟ್ರೇ ಇಳಿಸು' ಅಂದರು. ಅಷ್ಟೇ.

ಟ್ರೇ ಇಳಿಸಿದೆ. ಏನಾದರೂ ಕೆಟ್ಟರೆ ಏನು ಮಾಡಬೇಕು ಅಂತ ಹೇಳುವ ಕ್ಯೂಆರ್‌ಎಚ್ ಅನ್ನೋ ಕೈಪಿಡಿ ತೆಗೆದು ಓದಲು ಶುರು ಮಾಡಿದೆ. ಅದರಲ್ಲಿ ಲಿವರ್ ಬಗ್ಗೆ ಹೇಳುವುದೇ 'ನಿಧಾನವಾಗಿ' ಅಂತ. ಕ್ಯಾಪ್ಟನ್ ಬಲಗಡೆಯ, ಅಂದರೆ ಎರಡನೇ ಇಂಜಿನ್ನಿನ, ಲಿವರ್ ಮೇಲೆ ಬೆರಳಿಟ್ಟು, ಎಳೆಯದೆ, ನನ್ನ ಮುಖ ನೋಡಿದರು. 'ಎರಡನೇದು?' ನಾನು ಮೀಟರ್ ನೋಡಿದೆ, ಲಿವರ್ ನೋಡಿದೆ, ಮತ್ತೆ ಮೀಟರ್ ನೋಡಿದೆ. 'ಹೌದು, ಎರಡನೇದು.' ಆಗ ಮಾತ್ರ ಎಳೆದರು, ಹಾಲು ಉಕ್ಕುವಾಗ ಉರಿ ತಗ್ಗಿಸುತ್ತೀವಲ್ಲ, ಹಾಗೆ. ಇಂಜಿನ್ನಿನ ವೇಗ ತಗ್ಗಿ ಆಯಿಲ್ ಒತ್ತಡ ಕಮ್ಮಿಯಾಯಿತು, ಅಕ್ಷರ ಮಾಯವಾಯಿತು. ಇಂಜಿನ್ ಪೂರ್ತಿ ನಿಲ್ಲಿಸೋ ಪ್ರಸಂಗ ಬರಲಿಲ್ಲ. ಎತ್ತರ ಇಳಿಸಿ ನಾಗಪುರಕ್ಕೆ ಹೋದೆವು.

ಬೆರಳಿಟ್ಟು ಕಾಯುವುದು ನೋಡೋಕೆ ಹಾಸ್ಯ ಅನ್ನಿಸುತ್ತೆ, ಅಲ್ವಾ? ಇರುವುದೇ ಎರಡು ಲಿವರ್! ಆದರೆ 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಹತ್ತಿರ ಆಗಿದ್ದು ಕೇಳಿ. ಬ್ರಿಟಿಷ್ ಮಿಡ್‌ಲ್ಯಾಂಡ್ ಅನ್ನೋ ವಿಮಾನ ಕಂಪನಿಯ 737ರ ಎಡ ಇಂಜಿನ್ನಿನ ಫ್ಯಾನಿನ ಒಂದು ಬ್ಲೇಡ್ ಮುರಿಯಿತು. ವಿಮಾನ ಗಡಗಡ ನಡುಗಿತು, ಹೊಗೆ ವಾಸನೆ ಬಂತು. ಪೈಲಟ್‌ಗಳಿಗೆ ಬಲ ಇಂಜಿನ್ನೇ ಕೆಟ್ಟಿದೆ ಅನ್ನಿಸಿತು. ಅದನ್ನು ತಗ್ಗಿಸಿದರು, ನಡುಕ ಇಳಿಯಿತು, ಹೊಗೆಯೂ ಕಮ್ಮಿಯಾಯಿತು. ಬರೀ ಕಾಕತಾಳೀಯ! ಸರಿ ಮಾಡಿದ್ದೀವಿ ಅನ್ನೋ ಧೈರ್ಯದಲ್ಲಿ ಚೆನ್ನಾಗಿದ್ದ ಇಂಜಿನ್ ನಿಲ್ಲಿಸಿಬಿಟ್ಟರು. ರನ್‌ವೇ ಹತ್ತಿರ ಬಂದಾಗ ಎಡಗಡೆಯದೂ ಕೈಕೊಟ್ಟಿತು. ವಿಮಾನ ಹೆದ್ದಾರಿಯ ದಿಬ್ಬಕ್ಕೆ ಬಡಿಯಿತು. 126 ಜನರಲ್ಲಿ 47 ಮಂದಿ ಸತ್ತರು.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಬಲ ಇಂಜಿನ್ ನಿಲ್ಲಿಸಿದ್ದೇವೆ ಅಂತ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರು. ಎಡಗಡೆಯಿಂದ ಕಿಡಿ, ಬೆಂಕಿ ಬಂದಿದ್ದನ್ನು ಹಿಂದೆ ಕೂತಿದ್ದ ಪ್ರಯಾಣಿಕರು ಕಂಡಿದ್ದರು, ಕ್ಯಾಬಿನ್ ಸಿಬ್ಬಂದಿಯೂ ಕಂಡಿದ್ದರು. ಯಾರೂ ಮುಂದೆ ಹೋಗಿ ಹೇಳಲಿಲ್ಲ. ದೊಡ್ಡವರಿಗೆ ಗೊತ್ತಿರುತ್ತೆ, ನಮಗ್ಯಾಕೆ ಅಂತ ನಾವೂ ಸುಮ್ನೆ ಕೂತಿರುತ್ತಿದ್ದೆವೋ ಏನೋ. ಪೈಲಟ್‌ಗಳಿಗೂ ಕ್ಯಾಬಿನ್ ಸಿಬ್ಬಂದಿಗೂ ಒಟ್ಟಿಗೆ ತರಬೇತಿ ಕೊಡಿ ಅಂತ ತನಿಖಾ ವರದಿಯೇ ಹೇಳಿತು.

ನಾಗಪುರಕ್ಕೆ ಹೋಗುವ ದಿನ ಆ ತರಬೇತಿ ನನ್ನ ಕಣ್ಣೆದುರೇ ಕೆಲಸ ಮಾಡಿತು. ನಮ್ಮ ಹಿರಿಯ ಗಗನಸಖಿ ಒಳಗೆ ಬಂದರು. ಏನಾಗಿದೆ, ಎಲ್ಲಿ ಇಳಿಯುತ್ತೇವೆ, ಎಷ್ಟು ನಿಮಿಷ ಇದೆ, ವಿಶೇಷ ಸೂಚನೆ ಏನು, ಇಷ್ಟನ್ನು ಕ್ಯಾಪ್ಟನ್ ಹೇಳಿದರು. ಅವರು ಅದನ್ನೇ ತಿರುಗಿ ಒಪ್ಪಿಸಿದರು, ಮಗ್ಗಿ ಒಪ್ಪಿಸಿದ ಹಾಗೆ. ಹೋಗುವ ಮೊದಲು ಒಂದು ಮಾತು ಸೇರಿಸಿದರು: 'ಬಲಗಡೆ ಕಿಟಕಿಯಿಂದ ನೋಡಿ ಬಂದೆ ಸರ್. ಹೊಗೆ ಏನೂ ಇಲ್ಲ.' ನಾವು ಕೇಳಿರಲಿಲ್ಲ.

2010ರಲ್ಲಿ ಸಿಂಗಪುರದಿಂದ ಹೊರಟ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಎ380 ವಿಮಾನದ್ದು ಇದಕ್ಕಿಂತ ದೊಡ್ಡ ಕಥೆ. ಒಂದು ಇಂಜಿನ್ ಸಿಡಿದು, ಪರದೆಯ ಮೇಲೆ ಸಾಲು ಸಾಲು ಎಚ್ಚರಿಕೆ. ಕಾಕ್‌ಪಿಟ್‌ನಲ್ಲಿ ಐವರು ಪೈಲಟ್‌ಗಳು, ವಿಮಾನದಲ್ಲಿ 469 ಜನ. ಗಾಳಿಯಲ್ಲೇ ಸುತ್ತು ಹಾಕುತ್ತಾ ಸುಮಾರು 50 ನಿಮಿಷ ಮಾಡಬೇಕಾದ ಕೆಲಸಗಳ ಒಂದೊಂದೇ ಪಟ್ಟಿ ಮುಗಿಸಿದರು. ಇಳಿದ ಮೇಲೂ ಬಾಗಿಲು ತೆಗೆದು ತುರ್ತು ಜಾರುಬಂಡೆಯಲ್ಲಿ ಜನರನ್ನು ಜಾರಿಸಲಿಲ್ಲ. ಹೊರಗೆ ಬ್ರೇಕ್ ಕೆಂಡದ ಹಾಗೆ ಕಾದಿತ್ತು, ಇಂಧನ ಸೋರುತ್ತಿತ್ತು, ಒಂದು ಇಂಜಿನ್ ಆಫ್ ಆಗಲು ಒಪ್ಪುತ್ತಿರಲಿಲ್ಲ. ಒಳಗಿರುವುದೇ ಕ್ಷೇಮ ಅಂತ ಕೂರಿಸಿದರು. ಯಾರಿಗೂ ಗಾಯವಾಗಲಿಲ್ಲ.

ನಾಗಪುರದ ಕಥೆಯನ್ನು ಚಿಕ್ಕಪ್ಪನಿಗೂ ಹೇಳಿದ್ದೆ. ಎಷ್ಟು ಎತ್ತರ, ಎಷ್ಟು ಸ್ಪೀಡು, ಒಂದನ್ನೂ ಕೇಳಲಿಲ್ಲ. 'ಫಿಲ್ಟರ್ ಬಿಚ್ಚಿದಾಗ ಏನಿತ್ತೋ ಒಳಗೆ?' ಅಂದರು. ಅದನ್ನು ನಾನು ವಿಚಾರಿಸಿಯೇ ಇರಲಿಲ್ಲ. ಬೈಸಿಕೊಂಡೆ.

ಈಗ ನಿಮ್ಮ ಪ್ರಶ್ನೆಗಳು. ಬೇಗ ಕೇಳಿ, ಹೊರಗೆ ಮಂಡಕ್ಕಿ ಜೊತೆ ಇಟ್ಟಿರೋ ಮಿರ್ಚಿ ಆರಿ ಹೋಗುತ್ತೆ.